ಕಿವಿ ಕೇಳದ ಮಕ್ಕಳಿಗೆ ಮೈಕಿನಲ್ಲಿ ಧ್ಯಾನವೇ?

ಮಾನ್ಯ ಸಂಪಾದಕರಿಗೆ,

ಭಾನುವಾರ ಕಾರವಾರದಲ್ಲಿ ಕಿವಿ ಕೇಳದ ಮಕ್ಕಳಿಗಾಗಿ ನಡೆದ ಧ್ಯಾನ ಶಿಬಿರದ ವರದಿ ನಿಮ್ಮ ಪತ್ರಿಕೆಯಲ್ಲಿ ಫೋಟೋ ಸಮೇತ ಬಂದಿದೆ. ಮಕ್ಕಳು ಧ್ಯಾನದಲ್ಲಿ ತಲ್ಲೀನರಾಗಿದ್ದರು ಎಂದು ಬರೆದಿದ್ದೀರಿ. ಆ ಸಾಲಿನಲ್ಲಿ ನನ್ನ ಮಗಳೂ ಕೂತಿದ್ದಾಳೆ. ನಾನು ಗೋಡೆ ಪಕ್ಕ ಉಳಿದ ಪಾಲಕರ ಜೊತೆ ನಿಂತು ಎಲ್ಲವನ್ನೂ ನೋಡುತ್ತಿದ್ದೆ. ತಲ್ಲೀನರಾದವರು ಒಬ್ಬರೂ ಇರಲಿಲ್ಲ. ಏನು ನಡೆಯುತ್ತಿದೆ ಎಂದು ಗೊತ್ತಾಗದೆ ಮಕ್ಕಳು ಕಂಗಾಲಾಗಿದ್ದರು.

ವೇದಿಕೆ ಮೇಲಿದ್ದವರು ಮೈಕ್ ಹಿಡಿದು ‘ಕಣ್ಣು ಮುಚ್ಚಿ, ನನ್ನ ದನಿಯನ್ನಷ್ಟೇ ಕೇಳಿ’ ಎಂದರು. ಹಿಂದಿನಿಂದ ಕೊಳಲಿನ ಸಂಗೀತ ಬೇರೆ. ಸನ್ನೆ ಭಾಷೆ ಬಲ್ಲವರನ್ನು ಕರೆಸಿರಲಿಲ್ಲ. ಕಣ್ಣು ಬಿಟ್ಟ ಮಕ್ಕಳ ಹತ್ತಿರ ಸ್ವಯಂಸೇವಕರು ಹೋಗಿ ರೆಪ್ಪೆಯ ಮೇಲೆ ಬೆರಳಿಟ್ಟು ಮುಚ್ಚಿಸಿದರು. ಕಿವಿ ಕೇಳುವವರಿಗೆ ಕಣ್ಣು ಮುಚ್ಚಿದರೂ ಹೇಳಿಕೊಡುವವರ ದನಿ ಜೊತೆಗಿರುತ್ತದೆ. ಈ ಮಕ್ಕಳು ಕಣ್ಣಿನಿಂದಲೇ ಕೇಳುವವರು. ಅದನ್ನೂ ಮುಚ್ಚಿಸಿದರೆ ಹೆದರಿಕೆಯಲ್ಲದೆ ಇನ್ನೇನು ಬಂದೀತು? ನನ್ನ ಮಗಳು ಅರೆಗಣ್ಣು ಬಿಟ್ಟು ಪಕ್ಕದವಳನ್ನು ನೋಡುವುದು, ಯಾರೋ ಬಂದರೆಂದು ಮತ್ತೆ ಮುಚ್ಚುವುದು, ಇದನ್ನೇ ಮಾಡುತ್ತಿದ್ದಳು.

ಮುಗಿಯಿತು ಎಂದು ಹೇಳಿದ್ದೂ ಮೈಕಿನಲ್ಲೇ. ಮಕ್ಕಳು ಒಬ್ಬರನ್ನು ನೋಡಿ ಒಬ್ಬರು ಎದ್ದು ಉಪ್ಪಿಟ್ಟಿನ ಸಾಲಿಗೆ ಹೋದರು. ಒಬ್ಬ ಹುಡುಗ ಮಾತ್ರ ಕಣ್ಣು ಮುಚ್ಚಿ ಕೂತೇ ಇದ್ದ. ‘ಎಂಥ ಏಕಾಗ್ರತೆ ನೋಡಿ’ ಎನ್ನುತ್ತಾ ಸುತ್ತ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದರೇ ವಿನಾ ಅವನನ್ನು ಮುಟ್ಟಿ ಎಬ್ಬಿಸುವ ಬುದ್ಧಿ ಯಾರಿಗೂ ಬರಲಿಲ್ಲ. ಕಡೆಗೆ ಅವನ ಅಜ್ಜಿ ಬಂದು ಭುಜ ಮುಟ್ಟಿದಾಗ ಬೆಚ್ಚಿಬಿದ್ದು, ಖಾಲಿಯಾದ ಹಾಲ್ ನೋಡಿ ಅಳು ನುಂಗಿಕೊಂಡ. ನಿಮ್ಮ ಫೋಟೋದ ನಡುವೆ ಇರುವ ಹುಡುಗ ಅವನೇ.

ಇಷ್ಟಕ್ಕಾಗಿ ನಾವು ಶಿರಸಿಯಿಂದ ನಸುಕಿನಲ್ಲೇ ಹೊರಟಿದ್ದೆವು. ದೇವಿಮನೆ ಘಟ್ಟದ ರಸ್ತೆಯ ಬಗ್ಗೆ ನಿಮ್ಮ ಓದುಗರಿಗೆ ನಾನು ಹೊಸದಾಗಿ ಹೇಳುವುದೇನಿಲ್ಲ. ಮಗಳಿಗೆ ದಾರಿಯುದ್ದಕ್ಕೂ ವಾಂತಿ. ಕುಮಟಾದಲ್ಲಿ ಬಸ್ಸು ಬದಲಿಸಿ, ಅಂಕೋಲಾದವರೆಗೆ ನಿಂತುಕೊಂಡೇ ಪ್ರಯಾಣ. ಹತ್ತು ಗಂಟೆಗೆ ಶುರು ಎಂದು ಕರಪತ್ರದಲ್ಲಿತ್ತು, ಅತಿಥಿಗಳು ಬಂದದ್ದು ಹನ್ನೊಂದೂವರೆಗೆ. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಉದ್ಘಾಟನೆ, ಅಧ್ಯಕ್ಷೀಯ ಭಾಷಣ. ಒಂದಕ್ಷರವೂ ಮಕ್ಕಳಿಗೆ ತಲುಪದ ಇಷ್ಟೆಲ್ಲ ಭಾಷಣವನ್ನು ಯಾರಿಗಾಗಿ ಮಾಡಿದರು?

ಧ್ಯಾನ ಬೇಡವೆಂದು ನಾನು ಹೇಳುತ್ತಿಲ್ಲ. ಈ ವಯಸ್ಸಿನಲ್ಲಿ ನನ್ನ ಮಗಳಿಗೆ ಅದು ಬೇಕೇ ಬೇಕು ಎಂದೇ ಹೋಗಿದ್ದು. ಕಿವಿ ಕೇಳದ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟುವುದು ಕಿವಿ ಕೇಳುವ ತಂದೆ ತಾಯಿಗೇ. ಮನೆ ತುಂಬ ಜನ, ಮಾತಾಡಿಸುವವರಿಲ್ಲ. ಹಬ್ಬದ ಊಟದ ಪಂಕ್ತಿಯಲ್ಲಿ ಎಲ್ಲರೂ ನಗುತ್ತಾರೆ. ಏನೆಂದು ನನ್ನ ಮಗಳು ಕೈಸನ್ನೆಯಲ್ಲಿ ಕೇಳಿದರೆ ‘ಆಮೇಲೆ ಹೇಳ್ತೇನೆ’ ಎನ್ನುತ್ತಾರೆ, ಹೇಳುವುದಿಲ್ಲ. ಚಿಕ್ಕವಳಿದ್ದಾಗ ಸುಮ್ಮನಾಗುತ್ತಿದ್ದವಳು ಈಗ ಬಾಗಿಲು ಹಾಕಿಕೊಂಡು ಕೂರುತ್ತಾಳೆ, ಊಟ ಬಿಡುತ್ತಾಳೆ. ಇಂಥ ಮಕ್ಕಳಲ್ಲಿ ಖಿನ್ನತೆ, ಆತಂಕ ಹೆಚ್ಚೆಂದು ತಜ್ಞರು ಹೇಳುತ್ತಲೇ ಇದ್ದಾರೆ. ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳಲು ಭಾಷೆ ಮತ್ತು ಜೊತೆ ಸಿಕ್ಕ ಮಕ್ಕಳು ಎಷ್ಟೋ ಚೆನ್ನಾಗಿರುತ್ತಾರೆ ಎಂದೂ ಹೇಳಿದ್ದಾರೆ.

ಅವರಿಗೆ ಧ್ಯಾನ ಕಲಿಸುವುದು ಬ್ರಹ್ಮವಿದ್ಯೆಯೇನಲ್ಲ. ಮೊದಲೇ ಎಲ್ಲವನ್ನೂ ಸನ್ನೆಯಲ್ಲಿ ವಿವರಿಸಬೇಕು. ಕಣ್ಣು ಬಿಟ್ಟುಕೊಂಡೇ ದೀಪದ ಕುಡಿ ನೋಡಿಸಬಹುದು, ಯೋಗದಲ್ಲಿ ಅದಕ್ಕೆ ತ್ರಾಟಕ ಎಂಬ ಹೆಸರೇ ಇದೆ. ಹೊಟ್ಟೆ ಮೇಲೆ ಅಂಗೈ ಇಟ್ಟರೆ ಉಸಿರು ತಿಳಿಯುತ್ತದೆ. ಭ್ರಾಮರಿ ಪ್ರಾಣಾಯಾಮ ಮಾಡಿಸಿದರೆ ದುಂಬಿಯಂತೆ ಗುಂಯ್‌ಗುಡುವುದು ಕೆನ್ನೆಗೆ, ಹಣೆಗೆ ತಾಗುತ್ತದೆ. ಮಗಳ ಹಳೆಯ ಶಿಕ್ಷಕಿಯೊಬ್ಬರು ಊದಿದ ಬಲೂನನ್ನು ಮಕ್ಕಳ ಅಂಗೈ ನಡುವೆ ಹಿಡಿಸಿ, ತುಟಿ ತಾಗಿಸಿ ‘ಮ್’ ಎನ್ನಿಸುತ್ತಿದ್ದರು. ಬಲೂನು ಕಂಪಿಸಿದಾಗ ಮಗಳ ಮುಖ ಅರಳುತ್ತಿದ್ದುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಯಕ್ಷಗಾನವಾದರೆ ಎಲ್ಲರಿಗಿಂತ ಮುಂದೆ ಕೂರುತ್ತಾಳೆ, ಚಂಡೆಯ ಪೆಟ್ಟು ಎದೆಗೆ ತಾಗುತ್ತದೆ ಎಂದು ಸನ್ನೆ ಮಾಡಿ ತೋರಿಸುತ್ತಾಳೆ. ಮುಗಿಯಿತೆಂದು ತಿಳಿಸಲು ಲೈಟನ್ನು ಎರಡು ಸಲ ಹಾಕಿ ಆರಿಸಿದರೂ ಸಾಕು. ಇಷ್ಟನ್ನು ಮೊದಲೇ ಒಬ್ಬ ಪಾಲಕರನ್ನು ಕೇಳಿದ್ದರೂ ಹೇಳುತ್ತಿದ್ದೆವು.

ಆದರೆ ಕೇಳುವ ಅಭ್ಯಾಸ ನಮ್ಮ ಅಧಿಕಾರಿಗಳಿಗೆ ಯಾವತ್ತು ಇತ್ತು? ಅಂಗವಿಕಲರ ಗುರುತಿನ ಚೀಟಿಗೆ, ಅಂದರೆ ಯುಡಿಐಡಿ ಕಾರ್ಡಿಗೆ ಅಲೆದದ್ದನ್ನು ಬರೆದರೆ ನಿಮ್ಮ ಪುಟ ಸಾಲದು. ಡಾಕ್ಟರು ರಜೆ, ಸರ್ವರ್ ಇಲ್ಲ, ಮುಂದಿನ ವಾರ ಬನ್ನಿ. ಒಂದು ಕಚೇರಿಯಲ್ಲಂತೂ ಅಧಿಕಾರಿಯೊಬ್ಬರು ಮಗಳ ಕಿವಿ ಹತ್ತಿರ ಬಗ್ಗಿ ‘ನಿನ್ನ ಹೆಸರೇನು’ ಎಂದು ಕೂಗಿದರು. ಉತ್ತರ ಬರದಿದ್ದಾಗ ಸಿಬ್ಬಂದಿ ನಕ್ಕರು. ಕಿವಿಯ ಒಂದು ದೊಡ್ಡ ಪರೀಕ್ಷೆಗೆ ಹುಬ್ಬಳ್ಳಿ ಇಲ್ಲವೆ ಮಣಿಪಾಲಕ್ಕೆ ಓಡಬೇಕು. ಮಲ್ಟಿಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ ಕೂಗಿ ಕೂಗಿ ಗಂಟಲು ಒಣಗಿತು. ಮಳೆಗಾಲದಲ್ಲಿ ಎಚ್ಚರಿಕೆ ಸಾರುವುದೂ ಮೈಕಿನಲ್ಲೇ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನ ಗುಡ್ಡ ಕುಸಿದದ್ದನ್ನು ಕಂಡ ಮೇಲೂ, ಕೇಳಿಸದವರಿಗೆ ಯಾರು ಹೇಳಬೇಕು ಎಂದು ಯೋಚಿಸಿದವರು ನನಗಂತೂ ಸಿಕ್ಕಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸನ್ನೆ ಭಾಷೆಗೆ ಜಾಗವಿದೆ. ಅದಕ್ಕೂ ಮೊದಲೇ, 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಗಿ, ಹತ್ತು ಸಾವಿರ ಪದಗಳ ನಿಘಂಟನ್ನೂ ತಂದಿದೆ. ನಮ್ಮದೇ ರಾಜ್ಯದ ಮೈಸೂರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇದೆ. ಒಂದು ಫೋನ್ ಮಾಡಿ ವಿಚಾರಿಸಲು ಏನು ಅಡ್ಡಿಯಾಗಿತ್ತು? ಡಿಸೆಂಬರ್ 21 ವಿಶ್ವ ಧ್ಯಾನ ದಿನವೆಂದು ವಿಶ್ವಸಂಸ್ಥೆ 2024ರಲ್ಲಿ ಘೋಷಿಸಿದ್ದು ಇವರಿಗೆಲ್ಲ ನೆನಪಿದೆ. ಸೆಪ್ಟೆಂಬರ್ 23 ಅಂತರರಾಷ್ಟ್ರೀಯ ಸನ್ನೆ ಭಾಷೆಗಳ ದಿನ ಎಂಬುದು ಎಷ್ಟು ಜನರಿಗೆ ಗೊತ್ತು?

ಜಿಲ್ಲಾಡಳಿತ ಇನ್ನಾದರೂ ಎಚ್ಚೆತ್ತುಕೊಳ್ಳಬೇಕು. ಪ್ರತಿ ತಾಲ್ಲೂಕಿನಲ್ಲೂ ಸನ್ನೆ ಭಾಷೆ ಬಲ್ಲವರನ್ನು ನೇಮಿಸಬೇಕು, ನಮ್ಮಂಥ ಪಾಲಕರಿಗೂ ಕಲಿಸಬೇಕು, ಆ ಘಟ್ಟದ ರಸ್ತೆಗೂ ಒಂದು ಗತಿ ಕಾಣಿಸಬೇಕು. ಇದ್ಯಾವುದೂ ಆಗದಿದ್ದರೆ ದಯವಿಟ್ಟು ನಮ್ಮನ್ನು ಕರೆಯಲೇಬೇಡಿ. ಹೆದರಿ ಕೂತ ಮಕ್ಕಳ ಫೋಟೋ ತೆಗೆದು ವರದಿಗೆ ಅಂಟಿಸಿ ಅನುದಾನದ ಲೆಕ್ಕ ಮುಗಿಸುವವರಿಗೆ ನಾಚಿಕೆಯಾಗಬೇಕು. ವಿಚಾರಿಸದೆ ಅದನ್ನೇ ಅಚ್ಚು ಹಾಕಿದ ನಿಮಗೂ ಸಹ.

– ನೊಂದ ತಾಯಿ, ಶಿರಸಿ