ನಮ್ಮ ಕೆಲಸವನ್ನು ಮತ್ತೊಮ್ಮೆ ಅಳೆಯಿಸಿ ಸರ್

ಕಲಬುರಗಿ ಲೋಕಸಭಾ ಸದಸ್ಯರಿಗೆ,

ಮಾನ್ಯರೇ, ನಮಸ್ಕಾರ.

ನಾನು ಸೇಡಂ ತಾಲ್ಲೂಕಿನ ಒಬ್ಬ ಗ್ರಾಮೀಣ ಡಾಕ್ ಸೇವಕ, ಎಬಿಪಿಎಂ, ಅಂದರೆ ಹಳ್ಳಿಯ ಶಾಖಾ ಅಂಚೆ ಕಚೇರಿಯ ಸಹಾಯಕ ಪೋಸ್ಟ್ ಮಾಸ್ಟರ್. ಹತ್ತೊಂಬತ್ತು ವರ್ಷದಿಂದ ಟಪಾಲು ಹಂಚುತ್ತಿದ್ದೇನೆ. ನಮ್ಮ ಸಂಘ ಮನವಿ ಕೊಟ್ಟು ಕೊಟ್ಟು ಸಾಕಾಗಿದೆ. ಅದಕ್ಕೇ ಎಲ್ಲರೂ ಓದುವ ಹಾಗೆ ನಿಮಗೆ ಬರೆಯುತ್ತಿದ್ದೇನೆ.

ಟಿಆರ್‌ಸಿಎ, ಅಂದರೆ ಕೆಲಸದ ಗಂಟೆ ನೋಡಿ ನಮಗೆ ಕೊಡುವ ಭತ್ಯೆ, ಅದರ ನಿಯಮ ನಿಮಗೆ ಗೊತ್ತೇ ಇದೆ. 2018ರ ಜುಲೈ 1ರಿಂದ ನಮಗೆ ಇರುವುದು ಎರಡೇ ಮಟ್ಟ, ದಿನಕ್ಕೆ 4 ಗಂಟೆ ಇಲ್ಲವೇ 5 ಗಂಟೆ. ಎಬಿಪಿಎಂಗೆ ಶುರುವಿನಲ್ಲಿ ತಿಂಗಳಿಗೆ 10,000 ಇಲ್ಲವೇ 12,000 ರೂಪಾಯಿ, ಮೇಲೆ ತುಟ್ಟಿಭತ್ಯೆ. ಯಾರಿಗೆ ಯಾವುದು ಅಂತ ತೀರ್ಮಾನಿಸುವುದು ಕೆಲಸದ ಹೊರೆಯ ಲೆಕ್ಕ. ನಾನಿರುವುದು 4 ಗಂಟೆಯಲ್ಲಿ. ಬೆಳಿಗ್ಗೆ ಒಂಬತ್ತಕ್ಕೆ ಚೀಲ ಹೆಗಲಿಗೇರಿಸಿದರೆ ಮನೆ ಮುಟ್ಟುವಾಗ ನಾಲ್ಕು ದಾಟಿರುತ್ತದೆ.

ಹೋದ ಮೇ ತಿಂಗಳ ಒಂದು ಮಧ್ಯಾಹ್ನ ಹೇಳುತ್ತೇನೆ. ತಾಂಡಾದ ಬೇವಿನ ಕಟ್ಟೆಯ ಮೇಲೆ ಕೂತಿದ್ದೆ. ಒಬ್ಬ ಆಯಿ ಪಿಂಚಣಿಗೆ ಬಂದಳು. ಬೆರಳಚ್ಚು ಬೀಳಲಿಲ್ಲ. ಜೀವನಪೂರ್ತಿ ತೊಗರಿ ಕೊಯ್ದ ಕೈ, ಗೆರೆಗಳೇ ಸವೆದಿವೆ. ಸೆರಗಿನಲ್ಲಿ ಒರೆಸಿದಳು. ನನ್ನ ಬಾಟಲಿಯ ನೀರಲ್ಲಿ ತೊಳೆಸಿದೆ. ಹತ್ತೂ ಬೆರಳು ಒಂದೊಂದಾಗಿ ಇಡಿಸಿದೆ. ನಡುವೆ ಸಿಗ್ನಲ್ ಹೋಯಿತು. ಯಂತ್ರ ಹಿಡಿದು ಪಕ್ಕದ ಮನೆಯ ಮಾಳಿಗೆ ಹತ್ತಿದೆ, ಆಯಿಯೂ ಮೆಟ್ಟಿಲಿಗೆ ಕೈಯೂರಿ ಹತ್ತಿದಳು. ಮುಕ್ಕಾಲು ಗಂಟೆ ಆಯಿತು. "ಇವತ್ತೂ ಇಲ್ಲೇನು ತಮ್ಮಾ?" ಅಂದಳು. ಕೊನೆಗೂ ದುಡ್ಡು ಬರಲಿಲ್ಲ.

ಆಮೇಲೆ ನಮ್ಮ ಹೊರೆ ಅಳೆಯಲು ಬಂದ ಅಧಿಕಾರಿಗೆ ಇದನ್ನೆಲ್ಲ ಹೇಳಿದೆ. ಅವರ ಹಾಳೆಯಲ್ಲಿ ರಿಜಿಸ್ಟರ್ಡ್ ಎಷ್ಟು, ಪಾರ್ಸೆಲ್ ಎಷ್ಟು ಅಂತ ಕಾಲಂ ಇತ್ತು. ಆ ಮುಕ್ಕಾಲು ಗಂಟೆಗೆ ಕಾಲಂ ಇರಲಿಲ್ಲ. "ಆಗದ ವ್ಯವಹಾರ ಹೇಗಪ್ಪಾ ಬರೆಯೋದು?" ಅಂದರು. ಸಿಟ್ಟಿಗಿಂತ ಜಾಸ್ತಿ ಸಂಕಟವಾಯಿತು. ನಾನು ಬಿಸಿಲಲ್ಲಿ ಕೂತದ್ದು ಸುಳ್ಳೇ ಸರ್? ಆ ಆಯಿ ಬಂದದ್ದು ಸುಳ್ಳೇ?

ಹೀಗೆ ದುಡ್ಡು ಕೊಡುವ ಬ್ಯಾಂಕಿನ ಕೆಲಸಕ್ಕೆ ಕಮಿಷನ್ ಇದೆಯಲ್ಲ ಅಂತಾರೆ. ಇದೆ. ಆದರೆ ಅದು ವ್ಯವಹಾರ ಆದರೆ ಮಾತ್ರ. ಅಂಚೆ ಇಲಾಖೆಯದೇ ಆದ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ದೇಶಾದ್ಯಂತ ಶುರುವಾಗಿದ್ದು 2018ರ ಸೆಪ್ಟೆಂಬರ್ 1ಕ್ಕೆ, ನಮ್ಮ ಮಟ್ಟಗಳು ಜಾರಿಯಾಗಿ ಎರಡು ತಿಂಗಳಿಗೆ. ಆಮೇಲೆ ಖಾತೆ ತೆರೆಯುವುದು, ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸುವುದು, ಮನೆ ಬಾಗಿಲಿಗೆ ದುಡ್ಡು ಕೊಡುವುದು ಎಲ್ಲ ಬಂತು. ಕೆಲಸ ಬೆಳೆಯಿತು, ಗಂಟೆ ಬೆಳೆಯಲಿಲ್ಲ.

2023ರ ಡಿಸೆಂಬರ್ 12ರಂದು ದೇಶದ ತುಂಬ ಮುಷ್ಕರಕ್ಕೆ ಇಳಿದಾಗಲೂ ಇದನ್ನೇ ಕೇಳಿದ್ದೆವು. 8 ಗಂಟೆ ಕೆಲಸ ಕೊಡಿ, ಪಿಂಚಣಿ ಕೊಡಿ, ಬ್ಯಾಂಕಿನ ಕೆಲಸವನ್ನೂ ಹೊರೆಗೆ ಸೇರಿಸಿ ಅಂತ. ಇವತ್ತೂ ಅದನ್ನೇ ಕೇಳುತ್ತಿದ್ದೇನೆ.

ದಯವಿಟ್ಟು ಇದನ್ನು ಲೋಕಸಭೆಯಲ್ಲಿ ಎತ್ತಿ. ನಮ್ಮ ಕೆಲಸ ಮತ್ತೆ ಅಳೆಯಿಸಿ. ಅಳೆಯುವವರು ಒಂದು ದಿನ ಪೂರ್ತಿ ನಮ್ಮ ಜೊತೆ ಸೈಕಲ್ ಮೇಲೆ ಬರಲಿ, ಸಂಘದವರನ್ನು ಎದುರಿಗೆ ಕೂರಿಸಿಕೊಂಡು ಲೆಕ್ಕ ಬರೆಯಲಿ. ಬೆರಳು ಬೀಳದ ಹೊತ್ತನ್ನೂ ಬರೆಯಲಿ. ಮತ್ತೆ ಅಳೆಯಿಸಿ ಸರ್, ಇಷ್ಟೇ ಕೇಳುವುದು.

ಇಂತಿ ನಿಮ್ಮ ಕ್ಷೇತ್ರದ
ಒಬ್ಬ ಗ್ರಾಮೀಣ ಡಾಕ್ ಸೇವಕ