ಆ ಏಳು ರಾತ್ರಿ ಜೊತೆಗಿದ್ದವರಿಗೆ

ಮೊದಲ ನಮಸ್ಕಾರ ನಮ್ಮ ಪಕ್ಕದ ಮನೆಯ ಮಾಯ್‌ಗೆ. ಮಾಯ್ ಅಂದರೆ ಕೊಂಕಣಿಯಲ್ಲಿ ಅಮ್ಮ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಇದನ್ನು ನಾನೇ ಅವರ ಅಡುಗೆಮನೆಯಲ್ಲಿ ಕೂತು, ನನಗೆ ಬರುವಷ್ಟು ಕೊಂಕಣಿಯಲ್ಲಿ ಹೇಳಬೇಕು. ಹೇಳುತ್ತೇನೆ.

ಹೋದ ಭಾನುವಾರಕ್ಕೆ ನಮ್ಮ ಮನೆಯವರು ಕುಡಿತ ಬಿಟ್ಟು ಒಂದು ವರ್ಷ ತುಂಬಿತು. ಗೋವಾದ ವಾಸ್ಕೋದಲ್ಲಿ ಅವರು ಹೋಗುವ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ಆಸರೆಯಾಗುವವರ ಕೂಟ) ಮೀಟಿಂಗ್‌ನಲ್ಲಿ ಕೇಕ್ ತರಿಸಿದ್ದರು. ಮಗಳು ಕತ್ತರಿಸಿದಳು. ರಾತ್ರಿ ಮನೆಗೆ ಬಂದ ಮೇಲೆ ಅವರೇ ಹೇಳಿದರು, "ನೀ ಬರಿ. ಯಾರ ಹೆಸರೂ ಹಾಕಬ್ಯಾಡ. ಉಳಿದದ್ದು ಏನೂ ಮುಚ್ಚಿಡಬ್ಯಾಡ." ಬರೆದದ್ದನ್ನೆಲ್ಲ ಅವರು ಓದಿದ್ದಾರೆ. ಎರಡು ಕಡೆ ತಿದ್ದಿದ್ದಾರೆ.

ನಾವು ಹಾವೇರಿ ಕಡೆಯವರು. ಗೋವಾಕ್ಕೆ ಬಂದಾಗ ಇವರು ಸಾವರ್ಡೆ, ಕುಡಚಡೆ ರಸ್ತೆಯಲ್ಲಿ ಅದಿರು ಟಿಪ್ಪರ್ ಓಡಿಸುತ್ತಿದ್ದರು. 2012ರಲ್ಲಿ ಗಣಿ ನಿಂತಿತು. ಮತ್ತೆ ಶುರುವಾಯಿತು. 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು ಮತ್ತೆ ನಿಂತಿತು. ಲಾರಿಗಳು ಸಾಲಾಗಿ ನಿಂತು ತುಕ್ಕು ಹಿಡಿದವು. ನಾವು ಜುವಾರಿನಗರಕ್ಕೆ ಬಂದೆವು. ಕುಡಿತ ಮೊದಲೂ ಇತ್ತು, ಆದರೆ ಸಂಜೆಗೆ ಇತ್ತು. ಆಮೇಲೆ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಒಂದು ಕ್ವಾರ್ಟರ್ ಬೇಕಾಯಿತು. ಇಲ್ಲದಿದ್ದರೆ ಚಹಾದ ಕಪ್ಪು ಹಿಡಿಯಲೂ ಆಗದಷ್ಟು ಕೈ ನಡುಗುತ್ತಿತ್ತು. ಗಣಿ ನಿಂತದ್ದಕ್ಕೇ ಹೀಗಾಯಿತು ಎಂದು ನಾನು ಬರೆದಿದ್ದೆ. ಅವರು ಹೊಡೆದುಹಾಕಿದರು. "ಗಣಿ ನಿಂತವರೆಲ್ಲಾ ಕುಡದಿಲ್ಲ" ಎಂದರು.

ನನ್ನ ನಂಬಿಕೆ ಒಂದೇ ಇತ್ತು. ಮನಸ್ಸು ಗಟ್ಟಿ ಮಾಡಿದರೆ ಬಿಡಬಹುದು. ಯಾಕೆಂದರೆ ಇವರು ಬಿಟ್ಟದ್ದನ್ನು ನಾನೇ ನೋಡಿದ್ದೆ. ಅಯ್ಯಪ್ಪನ ಮಾಲೆ ಹಾಕಿದ ವರ್ಷ ನಲವತ್ತೊಂದು ದಿನ ಒಂದು ಹನಿ ಮುಟ್ಟಿರಲಿಲ್ಲ. ಹಾಗಾದರೆ ಈಗ ಯಾಕೆ ಆಗುವುದಿಲ್ಲ? ಬೇಕಂತಲೇ ಕುಡಿಯುತ್ತಾರೆ ಅಂತಲೇ ಅಂದುಕೊಂಡಿದ್ದೆ.

ಒಂದು ದಿನ ದೊಡ್ಡ ಜಗಳವಾಯಿತು. ಮಗಳ ತಲೆ ಮುಟ್ಟಿ ಆಣೆ ಮಾಡಿದರು. ಅವರೇ ಒಳಕೋಣೆಗೆ ಹೋದರು. ನಾನು ಹೊರಗಿನಿಂದ ಚಿಲಕ ಹಾಕಿದೆ. ಹೌದು, ನಾನೇ ಹಾಕಿದೆ. ಒಳ್ಳೆಯದಕ್ಕೇ ಎಂದುಕೊಂಡು ಹಾಕಿದೆ. ಊರಿನಿಂದ ಬಂದಿದ್ದ ಅತ್ತೆ ಗಂಜಿ ಮಾಡಿ ಒಳಗೆ ಕೊಟ್ಟರು. ಮರುದಿನ ಬೆಳಿಗ್ಗೆ ಮೈಯೆಲ್ಲ ಬೆವರು, ವಾಂತಿ, ನಡುಕ. ಎರಡನೆಯ ರಾತ್ರಿ ಗೋಡೆಯ ಮೇಲೆ ಇರುವೆ ಸಾಲು ಕಾಣುತ್ತಿದೆ, ಒರೆಸು ಎಂದರು. ಗೋಡೆಯ ಮೇಲೆ ಏನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಧಪ್ ಎಂದು ಸದ್ದಾಯಿತು. ಚಿಲಕ ತೆಗೆದರೆ ನೆಲದ ಮೇಲೆ ಸೆಟೆದು ಬಿದ್ದಿದ್ದರು. ಬಾಯಲ್ಲಿ ನೊರೆ, ಕಣ್ಣು ಮೇಲೆ.

ಅತ್ತೆ ಕೈಯಲ್ಲಿ ಕಬ್ಬಿಣದ ಬೀಗದ ಕೈ ಇಡಲು ಓಡಿದರು. ನಾನು ಚಮಚ ತಂದು ಹಲ್ಲಿನ ನಡುವೆ ತುರುಕಲು ಹೋದೆ. ನಮ್ಮ ಕಿರುಚಾಟ ಕೇಳಿ ಮಾಯ್ ನೈಟಿಯಲ್ಲೇ ಓಡಿ ಬಂದರು. ಹಿಂದೆ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು ಅವರು. ನನ್ನ ಕೈಯಿಂದ ಚಮಚ ಕಿತ್ತು ಎಸೆದರು. ನೀರಿನ ಲೋಟ ದೂರ ಸರಿಸಿದರು. ಇವರ ತಲೆಯ ಕೆಳಗೆ ತಮ್ಮ ಟವೆಲ್ ಮಡಚಿ ಇಟ್ಟರು. ನಡುಕ ಕಡಿಮೆಯಾದದ್ದೇ ಮಗ್ಗುಲಿಗೆ ತಿರುಗಿಸಿ ಮಲಗಿಸಿದರು, ನೊರೆ, ವಾಂತಿ ಹೊರಗೆ ಹರಿದುಹೋಗಲಿ ಅಂತ. ಅಷ್ಟೆಲ್ಲ ಮಾಡುತ್ತಲೇ ನಮ್ಮ ಮಗಳ ಕೈಯಲ್ಲಿ 108ಕ್ಕೆ ಫೋನ್ ಮಾಡಿಸಿದರು. ಆಮೇಲೆ ಡಾಕ್ಟರ್ ಹೇಳಿದರು, ಫಿಟ್ಸ್ ಬಂದಾಗ ಮಾಡಬೇಕಾದದ್ದು ಇಷ್ಟೇ, ಬಾಯಿಗೆ ಏನೂ ಹಾಕಬಾರದು ಎಂದು. ಆ ರಾತ್ರಿ ನಾನು ಬಾಯಿಗೆ ನೀರು ಹೊಯ್ದಿದ್ದರೆ ಅದು ನೇರ ಶ್ವಾಸಕೋಶಕ್ಕೆ ಹೋಗುತ್ತಿತ್ತೋ ಏನೋ. ಮಾಯ್, ನಿಮ್ಮ ಋಣ ಯಾವ ಜನ್ಮಕ್ಕೂ ತೀರುವುದಿಲ್ಲ.

ಆಂಬುಲೆನ್ಸ್ ಜುವಾರಿ ಸೇತುವೆ ದಾಟಿ ಬಾಂಬೋಳಿಯ ಆಸ್ಪತ್ರೆಗೆ ಹೋಯಿತು. ಅಲ್ಲಿ ಕಳೆದ ಏಳು ರಾತ್ರಿಗಳ ಬಗ್ಗೆ ನಾನು ವಿವರವಾಗಿ ಬರೆಯಬೇಕು. ಯಾಕೆಂದರೆ ನಮ್ಮ ಜನರಿಗೆ ಇದು ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ.

ಗ್ಲೂಕೋಸ್ ಹಚ್ಚಿ ಎಂದು ನಾನು ಅಳುತ್ತಿದ್ದೆ. ಅವರು ಮೊದಲು ಬೇರೆ ಇಂಜೆಕ್ಷನ್ ಕೊಟ್ಟರು. ಥಯಾಮಿನ್, ಅಂದರೆ ಬಿ1 ವಿಟಮಿನ್. ವರ್ಷಗಟ್ಟಲೆ ಕುಡಿದು ಸರಿಯಾಗಿ ಊಟ ಮಾಡದವರ ಮೈಯಲ್ಲಿ ಅದು ಬತ್ತಿಹೋಗಿರುತ್ತದಂತೆ. ಅದನ್ನು ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಮೆದುಳಿಗೇ ಪೆಟ್ಟು ಬೀಳಬಹುದಂತೆ. ಆಮೇಲೆ ನಡುಕ ಮತ್ತು ಫಿಟ್ಸ್ ತಡೆಯುವ ಔಷಧ. ಲಿವರ್ ಊದಿದ್ದರಿಂದ ಲೋರಾಜೆಪಾಮ್ ಆರಿಸಿದರು. ಮೊದಲು ಜಾಸ್ತಿ, ಆಮೇಲೆ ದಿನದಿನಕ್ಕೆ ಕಡಿಮೆ.

ನಮ್ಮ ಡಾಕ್ಟರ್ ಅವರ ಒಂದು ಮಾತು ನಮ್ಮ ಮನೆಯವರ ತಲೆಯಲ್ಲಿ ಹಾಗೇ ಉಳಿದಿದೆ. ಇವರು ಡ್ರೈವರ್ ಎಂದು ಗೊತ್ತಾಗಿ ಹೇಳಿದ ಮಾತು ಅದು. ಮದ್ಯ ಮೆದುಳಿಗೆ ಬ್ರೇಕ್ ಒತ್ತುತ್ತದೆ. ದಿನಾ ಕುಡಿಯುವವರ ಮೆದುಳು ಆ ಬ್ರೇಕಿನ ಎದುರು ಓಡಲು ಎಕ್ಸಲರೇಟರ್ ಒತ್ತಿಕೊಂಡೇ ಇರುತ್ತದೆ. ಒಂದು ದಿನ ಥಟ್ಟನೆ ಬ್ರೇಕ್ ಬಿಟ್ಟರೆ? "ಅದಿರು ತುಂಬಿದ ಟಿಪ್ಪರ್ ಘಾಟಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಬಿಡುತ್ತೀರಾ? ಗೇರ್‌ನಲ್ಲಿ ಇಟ್ಟುಕೊಂಡೇ ಇಳಿಸುತ್ತೀರಿ ಅಲ್ವಾ? ಈ ಔಷಧ ಆ ಗೇರ್." ಇವರು ಹಾಸಿಗೆಯಲ್ಲಿ ಮಲಗಿದ್ದಲ್ಲೇ ತಲೆ ಆಡಿಸಿದರು.

ಮಾಲೆ ಹಾಕಿದಾಗ ಏನೂ ಆಗಲಿಲ್ಲವಲ್ಲ ಎಂದು ನಾನು ಕೇಳಿದೆ. ಆಗ ಕುಡಿತ ಸಂಜೆಯದಷ್ಟೇ ಇತ್ತು, ಮೈ ಇಷ್ಟು ಒಗ್ಗಿರಲಿಲ್ಲ ಎಂದರು. ಅಷ್ಟೇ ಅಲ್ಲ, ಬಿಡುವುದು, ಮತ್ತೆ ಹಿಡಿಯುವುದು, ಮತ್ತೆ ಬಿಡುವುದು, ಹೀಗೆ ಪ್ರತಿ ಸಲ ನಿಲ್ಲಿಸಿದಾಗಲೂ ಮೈಯ ಹೊಯ್ದಾಟ ಹಿಂದಿನದಕ್ಕಿಂತ ಜೋರಾಗುತ್ತಾ ಹೋಗಬಹುದಂತೆ. ಫಿಟ್ಸ್ ಬಂದರೆ ಹೆಚ್ಚಾಗಿ ಮೊದಲ ಎರಡು ದಿನದಲ್ಲಿ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಬುದ್ಧಿ ಭ್ರಮಣೆಯಾಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಅದರಲ್ಲಿ ಜೀವವೂ ಹೋಗಬಹುದು. ನಾನು ಚಿಲಕ ಹಾಕಿದ್ದು ಸರಿಯಾಗಿ ಆ ದಿನಗಳಲ್ಲಿ.

ಆಸ್ಪತ್ರೆಯ ಎರಡನೆಯ ರಾತ್ರಿ ಇವರು ನನ್ನ ಗುರುತು ಹಿಡಿಯಲಿಲ್ಲ. ಮಂಚದ ಕಂಬಿಯನ್ನು ಸ್ಟೇರಿಂಗ್ ಥರ ಹಿಡಿದು ಗಾಡಿ ಓಡಿಸುತ್ತಿದ್ದರು. "ತಾಡಪತ್ರಿ ಕಟ್ಟೀಯೇನೋ? ಅದಿರು ಚೆಲ್ಲಾಕತ್ತೈತಿ ನೋಡು" ಎಂದು ಯಾವುದೋ ಕಾಲದ ಕ್ಲೀನರ್ ಹುಡುಗನನ್ನು ಕೂಗುತ್ತಿದ್ದರು. ನಿಂತು ನೋಡಲು ಆಗಲಿಲ್ಲ. ಹೊರಗೆ ವರಾಂಡದಲ್ಲಿ ಕೂತೆ.

ಅಲ್ಲಿಗೆ ಬಂದವರು ನಮ್ಮ ಸಿಸ್ಟರ್. ವಿಜಯಪುರದವರು. "ಯಕ್ಕಾ, ಅಂಜಬ್ಯಾಡ್ರಿ. ಇದು ಅವರ ಬುದ್ಧಿ ಕೆಟ್ಟದ್ದಲ್ರಿ, ಮೆದುಳು ಎಚ್ಚರ ಆಗಾಕತ್ತೈತಿ, ಇಳೀತೈತಿ" ಎಂದರು. ಆಸ್ಪತ್ರೆಗೆ ಬಂದ ಮೇಲೆ ಹೊರಗಿನವರ ಬಾಯಲ್ಲಿ ನನ್ನ ಭಾಷೆ ಕೇಳಿದ್ದು ಅದೇ ಮೊದಲು. ಅವರು ಗಂಟೆಗೊಮ್ಮೆ ಬಂದು ಇವರ ಕೈ ಚಾಚಿಸಿ ಬೆರಳು ನೋಡುತ್ತಿದ್ದರು. ಹಣೆ ಮುಟ್ಟಿ ಬೆವರು ನೋಡುತ್ತಿದ್ದರು. ಹೊಟ್ಟೆ ತೊಳಸುತ್ತದಾ, ಮೈಮೇಲೆ ಏನಾದರೂ ಹರಿದಾಡುತ್ತದಾ, ಇವತ್ತು ಯಾವ ವಾರ ಎಂದು ಕೇಳುತ್ತಿದ್ದರು. ಒಂದು ಹಾಳೆಯಲ್ಲಿ ಇಂಥ ಹತ್ತು ಅಂಶಗಳು, ಒಂದೊಂದಕ್ಕೂ ಅಂಕ. ಅಂಕ ಏರಿದರೆ ಔಷಧ ಏರಿಸಬೇಕು, ಇಳಿದರೆ ಇಳಿಸಬೇಕು. ಅದಕ್ಕೇ ಈ ಔಷಧ ಮನೆಯಲ್ಲಿ ಸುಮ್ನೆ ತಂದು ಕೊಡುವಂಥದ್ದಲ್ಲ. ಇದರ ಮೇಲೆ ಯಾರಾದರೂ ಕುಡಿದರೆ ಉಸಿರೇ ನಿಲ್ಲಬಹುದು ಎಂದರು. ಅವರೇ ಮೂರನೆಯ ದಿನ ತಮ್ಮ ಸ್ಟೀಲ್ ಡಬ್ಬಿಯಲ್ಲಿ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದು ನನ್ನ ಕೈಗೆ ಕೊಟ್ಟರು. ನಾನು ಉಂಡಿರಲಿಲ್ಲ ಎಂದು ಅವರಿಗೆ ಹೇಗೆ ಗೊತ್ತಾಯಿತೋ.

ಎದುರಿನ ಹಾಸಿಗೆಯಲ್ಲಿ ಒಬ್ಬ ಹುಡುಗ ಇದ್ದ. ಇಪ್ಪತ್ತೆರಡು ವಯಸ್ಸು. ಬ್ರೌನ್ ಶುಗರ್ ಎಂಬ ಡ್ರಗ್ ಬಿಡಿಸಲು ಕರೆತಂದಿದ್ದರು. ಒಂದೇ ಸಮ ಆಕಳಿಕೆ, ಮೂಗಲ್ಲಿ ನೀರು, ಮೈಯೆಲ್ಲ ಮುಳ್ಳು, ಎಲುಬು ಮುರಿದ ಹಾಗೆ ನೋವು. ನಾಲಿಗೆಯ ಕೆಳಗೆ ಇಡುವ ಬುಪ್ರೆನಾರ್ಫಿನ್ ಮಾತ್ರೆ ಕೊಟ್ಟ ಮೇಲೆ ನಿದ್ದೆ ಮಾಡಿದ. ಅವನ ತಾಯಿಗೂ ನನಗೂ ಒಂದೇ ಭಾಷೆ ಬರುತ್ತಿರಲಿಲ್ಲ, ಆದರೆ ಏಳು ದಿನ ಒಂದೇ ಫ್ಲಾಸ್ಕಿನ ಚಹಾ ಕುಡಿದೆವು. ಬಿಡುಗಡೆಯ ದಿನ ಡಾಕ್ಟರ್ ಆಕೆಗೆ ಒಂದೇ ಮಾತನ್ನು ಮೂರು ಸಲ ಹೇಳಿದರು. ಮೈ ಶುದ್ಧವಾದ ಮೇಲೆ ಹಳೆಯ ಅಳತೆ ತಡೆಯುವ ಶಕ್ತಿ ಇರುವುದಿಲ್ಲ. ಮುಂಚೆ ತೆಗೆದುಕೊಳ್ಳುತ್ತಿದ್ದಷ್ಟೇ ಮತ್ತೆ ತೆಗೆದುಕೊಂಡರೆ ಅದೇ ಕೊನೆಯಾಗಬಹುದು. ಅದಕ್ಕೇ ಮನೆಗೆ ಹೋದ ಮೇಲೂ ಔಷಧ ಮತ್ತು ಭೇಟಿ ನಿಲ್ಲಿಸಬೇಡಿ. ಆ ತಾಯಿ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದರು. ಈಗಲೂ ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ. ಹುಡುಗ ಚೆನ್ನಾಗಿದ್ದಾನೆ.

ಈಗ ನನ್ನ ತಪ್ಪು. ಇದನ್ನು ಬರೆಯುವುದೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ.

ಆಸ್ಪತ್ರೆಗೆ ಹೋಗುವ ಎರಡು ವರ್ಷ ಮೊದಲು, ಪರಿಚಯದವರೊಬ್ಬರು ನನಗೆ ಮಾತ್ರೆ ಕೊಟ್ಟಿದ್ದರು. ಗುಟ್ಟಾಗಿ ಸಾರಿನಲ್ಲಿ ಪುಡಿ ಮಾಡಿ ಹಾಕು, ಕುಡಿತ ಬಿಡುತ್ತಾನೆ ಎಂದರು. ಹಾಕಿದೆ. ಆ ಸಂಜೆ ಇವರು ಎಂದಿನಂತೆ ಕುಡಿದು ಬಂದರು. ಮುಖ ಕೆಂಡದ ಹಾಗೆ ಕೆಂಪಾಯಿತು. ಎದೆ ಹೊಡೆದುಕೊಳ್ಳಲು ಶುರುವಾಯಿತು, ವಾಂತಿ ನಿಲ್ಲಲಿಲ್ಲ, ತಲೆ ತಿರುಗಿ ಬಚ್ಚಲಲ್ಲಿ ಕುಸಿದರು. ನಾನು ಬಾಯಿ ಬಿಡಲಿಲ್ಲ. ಅದು ಡೈಸಲ್ಫಿರಾಮ್ ಎಂದು ಬಾಂಬೋಳಿಯಲ್ಲಿ ಗೊತ್ತಾಯಿತು. ಡಾಕ್ಟರ್ ಎದುರು ಅಳುತ್ತಾ ಹೇಳಿಕೊಂಡೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. ಆ ಮಾತ್ರೆ ಒಳ್ಳೆಯ ಮಾತ್ರೆಯೇ, ಆದರೆ ತೆಗೆದುಕೊಳ್ಳುವವನಿಗೆ ಗೊತ್ತಿರಬೇಕು, ಒಪ್ಪಿರಬೇಕು. ಗೊತ್ತಿಲ್ಲದೆ ಅದರ ಮೇಲೆ ಕುಡಿದರೆ ಹೃದಯ ನಿಲ್ಲಬಹುದು. ಹೀಗೆ ಮಾಡಿದ ಹೆಂಡತಿ ನೀವೊಬ್ಬರೇ ಅಲ್ಲ, ವಾರಕ್ಕೊಬ್ಬರು ಇಲ್ಲಿ ಕೂತು ಅಳುತ್ತಾರೆ ಎಂದರು. ಇದನ್ನು ಓದುವ ಅಕ್ಕ ತಂಗಿಯರಲ್ಲಿ ಯಾರಾದರೂ ಸಾರಿನಲ್ಲಿ ಬೆರೆಸಲು ಮಾತ್ರೆ ತಂದಿಟ್ಟಿದ್ದರೆ, ದಯವಿಟ್ಟು ಬೇಡ. ಕೈ ಮುಗಿಯುತ್ತೇನೆ.

ಇವರಿಗೆ ಹೇಳಲು ನನಗೆ ಮೂರು ತಿಂಗಳು ಬೇಕಾಯಿತು. ಒಂದು ರಾತ್ರಿ ಊಟಕ್ಕೆ ಬಡಿಸುತ್ತಾ ಹೇಳಿಬಿಟ್ಟೆ. ತುತ್ತು ಕೈಯಲ್ಲೇ ನಿಂತಿತು. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಅದೇ ತುತ್ತನ್ನು ಬಾಯಿಗಿಟ್ಟುಕೊಂಡು, "ಇನ್ನೊಂದ್ ಸ್ವಲ್ಪ ಸಾರು ಹಾಕು" ಎಂದರು. ಈ ಸಾಲನ್ನು ಅವರು ತಿದ್ದಲಿಲ್ಲ. ಓದಿ ಕಣ್ಣೊರೆಸಿಕೊಂಡರು. ನಮ್ಮ ಮನೆಯವರಿಗೆ ನನ್ನ ಕೃತಜ್ಞತೆ ಇದಕ್ಕೇ ಹೆಚ್ಚು.

ಏಳು ರಾತ್ರಿಯಲ್ಲಿ ಎಲ್ಲವೂ ಸರಿಹೋಯಿತು ಎಂದು ಯಾರೂ ತಿಳಿಯಬಾರದು. ಡಾಕ್ಟರ್ ಮೊದಲೇ ಹೇಳಿದ್ದರು, ಇಲ್ಲಿ ನಾವು ಮೈಯಿಂದ ಮದ್ಯ ಇಳಿಸಿದ್ದೇವೆ ಅಷ್ಟೇ, ಆಸೆ ಇಳಿಸಿಲ್ಲ. ಆಸೆ ತಗ್ಗಿಸಲು ಅಕಾಂಪ್ರೊಸೇಟ್ ಬರೆದುಕೊಟ್ಟರು, ಹೊತ್ತಿಗೆ ಎರಡರಂತೆ ದಿನಕ್ಕೆ ಮೂರು ಹೊತ್ತು. ಎರಡು ತಿಂಗಳಿಗೆ ಊರ ಜಾತ್ರೆಗೆ ಹೋದಾಗ ಇವರು ಮತ್ತೆ ಕುಡಿದರು. ಮೂರು ದಿನ. ಆದರೆ ಈ ಸಲ ಯಾರೂ ಚಿಲಕ ಹಾಕಲಿಲ್ಲ. ಆಣೆ ಕೇಳಲಿಲ್ಲ. ಅವರೇ ನಡುಗುವ ಕೈಯಲ್ಲಿ ಎಎ ಹಿರಿಯರಿಗೆ ಫೋನ್ ಮಾಡಿ, "ಬಾಂಬೋಳಿಗೆ ಹೋಗೂಣು" ಎಂದರು. ನಾಲ್ಕು ದಿನ ಸೇರಿಸಿಕೊಂಡರು. ನಮ್ಮ ಒಂದು ವರ್ಷದ ಲೆಕ್ಕ ಆ ದಿನದಿಂದ.

ಆ ಹಿರಿಯರಿಗೆ ನಮಸ್ಕಾರ. ಎಎ ಶುರುವಾದದ್ದು 1935ರಲ್ಲಿ, ಅಮೆರಿಕದಲ್ಲಿ, ಕುಡಿತಕ್ಕೆ ಬಿದ್ದ ಒಬ್ಬ ಶೇರು ದಲ್ಲಾಳಿ ಮತ್ತು ಒಬ್ಬ ಡಾಕ್ಟರ್ ಕೂತು ಮಾತಾಡಿಕೊಂಡದ್ದರಿಂದ ಎಂದು ಅವರೇ ನಮಗೆ ಹೇಳಿದ್ದು. ನಮ್ಮವರು ಟಿಪ್ಪರ್ ಡ್ರೈವರ್, ಆ ಹಿರಿಯರು ನಿವೃತ್ತ ಗುಮಾಸ್ತ. ಈಗಲೂ ದಿನಾ ಸಂಜೆ ಏಳಕ್ಕೆ ಇಬ್ಬರೂ ಫೋನಿನಲ್ಲಿ ಮಾತಾಡುತ್ತಾರೆ. ಮನೆಯವರಿಗಾಗಿ ಇರುವ ಅಲ್-ಅನಾನ್ ಮೀಟಿಂಗ್‌ಗೆ ನನ್ನನ್ನು ಕಳಿಸಿದವರೂ ಅವರೇ.

ಫಿಟ್ಸ್ ಬಂದಿದ್ದರಿಂದ ಒಪ್ಪಿಗೆ ಸಿಗುವವರೆಗೆ ಸ್ಟೇರಿಂಗ್ ಮುಟ್ಟಬಾರದು ಎಂದು ಡಾಕ್ಟರ್ ಹೇಳಿದ್ದರು. ಆಗ ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸ ಕೊಟ್ಟ ಮಾಲೀಕರಿಗೆ, ಮಗಳ ಫೀಸಿಗೆ ಕಾಲಾವಕಾಶ ಕೊಟ್ಟ ಕನ್ನಡ ಶಾಲೆಯ ಟೀಚರ್‌ಗೆ, "ಗಂಡಸು ಅಂದ ಮ್ಯಾಲ ಕುಡೀತಾನ" ಎನ್ನುತ್ತಿದ್ದು ಈಗ ಊರಲ್ಲಿ ಕುಡಿಯುವವರ ಮನೆಗೆ ಹೋಗಿ "ದವಾಖಾನಿಗೆ ಕರ್ಕೊಂಡ್ ಹೋಗ್ರಿ, ಮನಿಯಾಗ ಬಿಡಸಬ್ಯಾಡ್ರಿ" ಎನ್ನುವ ನಮ್ಮ ಅತ್ತೆಗೆ, ಎಲ್ಲರಿಗೂ ನಮಸ್ಕಾರ.

ಎರಡು ನಂಬರ್ ಹಾಕು ಎಂದು ನಮ್ಮ ಮನೆಯವರು ಹೇಳಿದ್ದಾರೆ. ಕುಡಿತ, ಡ್ರಗ್ಸ್ ಬಿಡಲು ಸಹಾಯ ಕೇಳುವ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446. ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416, ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ.

ಸಿಸ್ಟರ್, ನಿಮ್ಮ ಸ್ಟೀಲ್ ಡಬ್ಬಿ ಇನ್ನೂ ನಮ್ಮ ಮನೆಯಲ್ಲೇ ಇದೆ. ಬರುವ ಭಾನುವಾರ ಇಬ್ಬರೂ ತಂದುಕೊಡುತ್ತೇವೆ. ಬರಿದು ತರುವುದಿಲ್ಲ, ಶೇಂಗಾ ಹೋಳಿಗೆ ಮಾಡುತ್ತಿದ್ದೇನೆ.