ಆ ಕವಲನ್ನು ಸೀಳಬೇಡ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ, ಗಾಳಿಗೆ ಬಿದ್ದ ಹಲಸಿನ ಕೊಂಬೆ ಬರೀ ಕವಲು, ಹಲಗೆಗೆ ಬರಲ್ಲ, ಒಲೆಗೆ ಸೀಳಿಸ್ತೀನಿ ಅಂದೆಯಲ್ಲ. ಅವತ್ತಿನಿಂದ ಇದನ್ನು ನಿನಗೆ ಬರೆಯಬೇಕು ಅಂತಿದ್ದೆ.

ದಕ್ಷಿಣ ಸುಡಾನಿನಲ್ಲಿ ದಿಂಕಾ ಅಂತ ದನ ಸಾಕುವ ಜನ ಇದ್ದಾರೆ, ಬಿಳಿ ನೈಲ್ ನದಿಯ ಜೌಗು ನಾಡಿನವರು. ಅಲ್ಲಿ ಗಂಡಸರು ತಲೆ ಕೊಟ್ಟು ಮಲಗುವ ಮರದ ದಿಂಬು ಆಗುವುದೇ ಇಂಥ ಕವಲಿನಿಂದ. ಮೂರೋ ನಾಲ್ಕೋ ಕಡೆ ಚಾಚಿದ ಕೊಂಬೆ ಸಿಕ್ಕರೆ ಚಾಚಿದ್ದೆಲ್ಲ ಕಾಲು, ನಡುವಿನ ದಪ್ಪ ಭಾಗ ಬೆನ್ನು. ಕೀಲಿಲ್ಲ, ಮೊಳೆಯಿಲ್ಲ, ಒಂದೇ ತುಂಡು. ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ಮ್ಯೂಸಿಯಂನಲ್ಲಿ ಇವು ಇವೆ. ನಾನು ಫೋಟೋದಲ್ಲಷ್ಟೇ ನೋಡಿದ್ದು. ಸೊಟ್ಟ ಕಾಲೂರಿ ನಿಂತಿರುವುದು ನೋಡಿದರೆ ಈಗಷ್ಟೇ ಎದ್ದ ಕರು ಅನ್ನಿಸುತ್ತದೆ, ಮಾರಾಯ.

ಹಗಲು ಅದೇ ಮಣೆ, ಕೂರುವುದಕ್ಕೆ. ರಾತ್ರಿ ಅದೇ ದಿಂಬು. ಹರೆಯದ ಹುಡುಗರು ಗಂಜಲ ಹಾಕಿ ಹಾಕಿ ಕೂದಲನ್ನು ಕೆಂಚು ಮಾಡಿ ಅಲಂಕರಿಸಿಕೊಳ್ಳುತ್ತಾರೆ. ಅಷ್ಟು ಕಷ್ಟಪಟ್ಟ ಜುಟ್ಟು ನೆಲಕ್ಕೆ ತಾಗಿ ಹಾಳಾಗಬಾರದು ಅಲ್ವಾ? ಬೇಸಿಗೆಯಲ್ಲಿ ದನ ಹೊಡೆದುಕೊಂಡು ನದಿ ಬದಿಯ ಹುಲ್ಲಿಗೆ ಹೋಗಿ ಬೀಡುಬಿಡುತ್ತಾರೆ, ಸೊಳ್ಳೆ ಓಡಿಸಲು ಸಗಣಿ ಸುಟ್ಟು ಹೊಗೆ ಹಾಕುತ್ತಾರೆ, ಆ ಬೂದಿಯನ್ನೇ ಮೈಗೂ ಬಳಿದುಕೊಳ್ಳುತ್ತಾರೆ. ಅಂಥ ಕಡೆಗೆ ಜಾಸ್ತಿ ಸಾಮಾನು ಹೊರುವುದಕ್ಕಾಗುತ್ತದೆಯೇ? ಕೈಯಲ್ಲಿ ಹಿಡಿದು ನಡೆಯುವಷ್ಟು ಹಗುರವಾಗಿರಬೇಕು.

ಹುಡುಗ ದೊಡ್ಡವನಾದಾಗ ಅವನಿಗೊಂದು ಎತ್ತು ಸಿಗುತ್ತದೆ. ಅದರ ಬಣ್ಣದ ಮೇಲೆ ಅವನಿಗೂ ಒಂದು ಹೆಸರು, ಅದರ ಮೇಲೆ ಅವನೇ ಕಟ್ಟಿದ ಹಾಡು. ಅವರ ನಾಯಕನಾಗಿದ್ದ, 2005ರಲ್ಲಿ ತೀರಿಕೊಂಡ ಜಾನ್ ಗರಾಂಗ್ ದೆ ಮಾಬಿಯೊರ್ ಹೆಸರಿನಲ್ಲಿರುವ ಮಾಬಿಯೊರ್ ಅಂದರೆ ಬಿಳಿ ಎತ್ತು. ಇಷ್ಟು ದನದ ನಡುವೆಯೇ ಬದುಕುವವರ ಕೈಯಲ್ಲಿ ಮರವೂ ದನದ ಹಾಗೆ ನಿಂತರೆ ನನಗೇನೂ ಆಶ್ಚರ್ಯವಿಲ್ಲ.

1983ರಿಂದ 2005ರವರೆಗಿನ ಸುಡಾನಿನ ಅಂತರ್ಯುದ್ಧದಲ್ಲಿ ಊರುಗಳು ಸುಟ್ಟವು, ದನಗಳು ಲೂಟಿಯಾದವು, ಎಷ್ಟೋ ಹುಡುಗರು ನಡೆದುಕೊಂಡೇ ಇಥಿಯೋಪಿಯ, ಕೀನ್ಯಾ ಸೇರಿದರು. 2011ರಲ್ಲಿ ದಕ್ಷಿಣ ಸುಡಾನ್ ಬೇರೆ ದೇಶವಾಯಿತು, 2013ರಲ್ಲಿ ಅಲ್ಲೇ ಮತ್ತೆ ಯುದ್ಧ. ಮ್ಯೂಸಿಯಂನ ದಿಂಬಿನ ನುಣುಪಾದ ಬೆನ್ನು ನೋಡುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುವುದು ಅದಕ್ಕೇ. ಅಷ್ಟು ಸವೆಯಬೇಕಾದರೆ ಒಬ್ಬನ ತಲೆ ಎಷ್ಟು ರಾತ್ರಿ ಅದರ ಮೇಲಿರಬೇಕು, ಹೇಳು.

ನಿನ್ನ ಅಪ್ಪನ ಬಾಚಿ ಇನ್ನೂ ಅಟ್ಟದ ಮೇಲಿದೆಯಲ್ಲ? ಆ ಕೊಂಬೆಯನ್ನು ಸೀಳಿಸುವ ಮುಂಚೆ ಒಂದು ಸಲ ಅಂಗಳಕ್ಕೆ ಎಳೆದು, ತಿರುಗಿಸಿ, ಯಾವ ಕಡೆ ನಿಲ್ಲುತ್ತದೆ ನೋಡು. ಫೋಟೋ ಕಳಿಸು.

ನಿನ್ನವನೇ